ಅಮ್ಮನಿಗೆ ಕೊಟ್ಟ ಸಬೂಬು

1963ರಲ್ಲಿ ಐರ್ಲೆಂಡಿನ ಕಾರ್ಕ್ ನಗರದ ಕ್ರೌಲಿ ವಾದ್ಯದಂಗಡಿಗೆ ಸೆಕೆಂಡ್‌ಹ್ಯಾಂಡ್ ಗಿಟಾರೊಂದು ಬಂತು. 1961ರ ಫೆಂಡರ್ ಸ್ಟ್ರಾಟೊಕಾಸ್ಟರ್. ರಾಯಲ್ ಶೋಬ್ಯಾಂಡಿನ ಜಿಮ್ ಕಾನ್ಲನ್ ಕೇಳಿದ್ದು ಕೆಂಪು ಬಣ್ಣದ್ದು. ಕಳಿಸಿದವರು ಕಳಿಸಿದ್ದು ಅಂಚು ಕಪ್ಪಾಗಿ ನಡುವೆ ಹೊಂಬಣ್ಣಕ್ಕೆ ತಿರುಗುವ ಸನ್‌ಬರ್ಸ್ಟ್. ಕೆಂಪಿನದು ಬಂದ ಮೇಲೆ ಕಾನ್ಲನ್ ಇದನ್ನು ಮಾರಿಬಿಟ್ಟರು. ಬೆಲೆ ಸುಮಾರು 100 ಪೌಂಡ್. ಅದಕ್ಕೆ ಮನಸೋತ ಹುಡುಗನಿಗೆ ಆಗ ಹದಿನೈದು ವರ್ಷ. ಹೆಸರು ರೋರಿ ಗ್ಯಾಲಹರ್.

ಕಂತಿನ ಸಾಲಕ್ಕೆ ಅಮ್ಮ ಮೋನಿಕಾರನ್ನು ಒಪ್ಪಿಸಬೇಕಿತ್ತು. ಈ ಗಿಟಾರಿದ್ದರೆ ರಿದಮ್ಮೂ ಲೀಡೂ ನಾನೊಬ್ಬನೇ ನುಡಿಸಬಹುದು, ಇನ್ನೊಬ್ಬ ಗಿಟಾರಿಸ್ಟ್ ಬೇಕಾಗುವುದಿಲ್ಲ, ಬರುವ ಹೆಚ್ಚಿನ ದುಡ್ಡಿನಲ್ಲಿ ಸಾಲ ತೀರಿಸುತ್ತೇನೆ ಎಂದನಂತೆ. ಇದನ್ನು ಹೇಳಿದವರು ತಮ್ಮ ಡೋನಲ್, ಮುಂದೆ ರೋರಿಯ ಮ್ಯಾನೇಜರ್ ಆದವರು. ಸಾಲಕ್ಕಾಗಿ ಹೆಣೆದ ಈ ಸಬೂಬೇ ರೋರಿಯ ಸಂಗೀತದ ಬೀಜ ಎಂದು ನಾನು ನಂಬುತ್ತೇನೆ.

ಬ್ಲೂಸ್ ಅವನಿಗೆ ಸಿಕ್ಕಿದ್ದು ರೇಡಿಯೊದಲ್ಲಿ. ಲಾನಿ ಡಾನೆಗನ್ ಹಾಡುತ್ತಿದ್ದ ಹಾಡುಗಳ ಬೆನ್ನುಹತ್ತಿ ಲೆಡ್ ಬೆಲ್ಲಿಯನ್ನು ತಲುಪಿದ; ಅಮೆರಿಕದ ಸೈನಿಕರಿಗಾಗಿ ನಡೆಯುತ್ತಿದ್ದ ರೇಡಿಯೊದಲ್ಲಿ ಮಡ್ಡಿ ವಾಟರ್ಸ್‌ರನ್ನು ಕೇಳಿದ. ಆದರೆ ಅದನ್ನು ನುಡಿಸಲು ಊರಲ್ಲಿ ವೇದಿಕೆ ಎಲ್ಲಿತ್ತು? ಐರ್ಲೆಂಡಿನಲ್ಲಿ ಆಗ ಶೋಬ್ಯಾಂಡುಗಳ ಕಾಲ. ಒಂದೇ ಬಗೆಯ ಸೂಟು ತೊಟ್ಟ ದೊಡ್ಡ ತಂಡ ನೃತ್ಯಶಾಲೆಗಳಲ್ಲಿ ಗಂಟೆಗಟ್ಟಲೆ ಪರರ ಜನಪ್ರಿಯ ಹಾಡುಗಳನ್ನು ನುಡಿಸಬೇಕು. ರೋರಿ ಫೊಂಟಾನಾ ಎಂಬ ತಂಡ ಸೇರಿದ. ಅದೇ ಆಮೇಲೆ ಇಂಪ್ಯಾಕ್ಟ್ ಆಯಿತು. ಕೈ ಪಳಗಿದ್ದು ಅಲ್ಲೇ. ಆ ದುಡಿಮೆಯನ್ನು ಕಡೆಗಣಿಸಿದರೆ ಅವನ ಕತೆ ಅರ್ಧವಾಗುತ್ತದೆ.

ತಂಡ ಒಡೆದಾಗ ಅವನೂ ಬೇಸ್‌ನವನೂ ಡ್ರಮ್ಮಿನವನೂ ಜರ್ಮನಿಯ ಹ್ಯಾಂಬರ್ಗ್‌ಗೆ ಹೋದರು. ಅಲ್ಲಿನ ಕ್ಲಬ್ಬುಗಳಿಗೆ ಬರೀ ಮೂವರ ತಂಡ ಒಗ್ಗುತ್ತಿರಲಿಲ್ಲ. ಗೆಳೆಯನೊಬ್ಬನನ್ನು ಆರ್ಗನ್ ಮುಂದೆ ನಿಲ್ಲಿಸಿ ಫೋಟೊ ತೆಗೆಸಿ ಕಳಿಸಿದರಂತೆ. ಅಲ್ಲಿಗೆ ಹೋದ ಮೇಲೆ ಆ ಆರ್ಗನ್‌ನವನಿಗೆ ಅಪೆಂಡಿಕ್ಸ್ ಕಾಯಿಲೆ ಎಂದರಂತೆ. ಅಮ್ಮನಿಗೆ ಹೇಳಿದ್ದ ಮಾತನ್ನು ಈಗ ರಾತ್ರಿ ರಾತ್ರಿ ನಿಜ ಮಾಡಿ ತೋರಿಸಬೇಕಾಯಿತು. ಕೊರ್ಡುಗಳನ್ನು ಬಿಡದೆಯೇ ನಡುವೆ ಲೀಡ್ ನುಸುಳಬೇಕು, ಹಾಡಿನ ಸಾಲು ಮುಗಿದಲ್ಲಿ ಗಿಟಾರು ಮರುಮಾತು ಕೊಡಬೇಕು, ಎಲ್ಲೂ ಬಿರುಕು ಕಾಣಬಾರದು.

ಇದಕ್ಕೆ ಯಂತ್ರದ ನೆರವೂ ಒದಗಿತು. ವಾಕ್ಸ್ ಎಸಿ30 ಆಂಪ್ಲಿಫೈಯರಿಗೆ ಮುನ್ನ ಡಲ್ಲಾಸ್ ರೇಂಜ್‌ಮಾಸ್ಟರ್ ಎಂಬ ಪುಟ್ಟ ಪೆಟ್ಟಿಗೆ. ಅದರೊಳಗಿನ ಒಂದೇ ಜರ್ಮೇನಿಯಂ ಟ್ರಾನ್ಸಿಸ್ಟರ್ ತಾರ ಸ್ವರಗಳನ್ನು ಎತ್ತಿ ಆಂಪ್ಲಿಫೈಯರಿನ ವಾಲ್ವುಗಳ ಮೇಲೆ ಒತ್ತಡ ಹೇರುತ್ತದೆ. ದನಿ ಒರಟಾಗಿ, ಬೇಸ್ ಮತ್ತು ಡ್ರಮ್ಮನ್ನು ಸೀಳಿಕೊಂಡು ಬರುತ್ತದೆ. ಗಿಟಾರಿನ ವಾಲ್ಯೂಮ್ ತುಸು ಇಳಿಸಿದರೆ ಅದೇ ದನಿ ತಿಳಿಯಾಗುತ್ತದೆ. ಹೀಗೆ ಎರಡು ಗಿಟಾರಿನ ಕೆಲಸವನ್ನು ಒಂದು ಗುಂಡಿಯಿಂದ ಹಂಚಿಕೊಡಬಹುದಿತ್ತು.

1966ರಲ್ಲಿ ಕಾರ್ಕ್‌ನಲ್ಲಿ ರೋರಿ ಕಟ್ಟಿದ ಟೇಸ್ಟ್ ಎಂಬ ತಂಡ ಕೂಡ ಮೂವರದೇ. ಆ ವರ್ಷಗಳಲ್ಲೇ ಡಬ್ಲಿನ್ನಿನಲ್ಲಿ ವ್ಯಾನಿನಿಂದ ಆ ಸ್ಟ್ರಾಟೊಕಾಸ್ಟರ್ ಕಳುವಾಗಿ, ಮಳೆಯಲ್ಲಿ ನೆಂದು ಹಳ್ಳದಲ್ಲಿ ಸಿಕ್ಕಿತು. ಇನ್ನೆಂದೂ ಇದನ್ನು ಮಾರುವುದಿಲ್ಲ, ಇದಕ್ಕೆ ಬಣ್ಣ ಬಳಿಸುವುದಿಲ್ಲ ಎಂದು ರೋರಿ ನಿಶ್ಚಯಿಸಿದ. 1970ರ ಆಗಸ್ಟಿನಲ್ಲಿ ಐಲ್ ಆಫ್ ವೈಟ್ ಉತ್ಸವದ ಜನ ಟೇಸ್ಟನ್ನು ಮತ್ತೆ ಮತ್ತೆ ವೇದಿಕೆಗೆ ಕರೆದರು. ಅದೇ ವರ್ಷದ ಕೊನೆಗೆ ತಂಡ ಮುರಿಯಿತು. ಸ್ವಂತ ಹೆಸರಿನಲ್ಲಿ ಶುರು ಮಾಡಿದಾಗಲೂ ಮೂವರೇ. 1972ರ 'ಲೈವ್ ಇನ್ ಯುರೋಪ್' ಕೇಳಿ: ಬೇರೊಂದು ವಾದ್ಯ ಇರಬೇಕಿತ್ತು ಎಂದು ನನಗೆ ಎಲ್ಲೂ ಅನ್ನಿಸಿಲ್ಲ.

ಆದರೂ ಅದೇ ವರ್ಷ ಲೂ ಮಾರ್ಟಿನ್ ಕೀಬೋರ್ಡಿಗೆ ಬಂದರು. ಬೆಲ್‌ಫಾಸ್ಟ್‌ಗೆ ಹೋಗಲು ಬೇರೆ ತಂಡಗಳು ಹೆದರುತ್ತಿದ್ದ ದಿನಗಳ ಪ್ರವಾಸವನ್ನು ಹಿಡಿದಿಟ್ಟ 'ಐರಿಷ್ ಟೂರ್ '74' ನಾಲ್ವರ ಸಾಧನೆ, ಮತ್ತು ಅದು ದೊಡ್ಡದೇ. 1978ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆಲ್ಬಂ ಒಂದರ ಕೆಲಸ ನಡೆದಿದ್ದಾಗ ರೋರಿ ಸೆಕ್ಸ್ ಪಿಸ್ಟಲ್ಸ್ ತಂಡದ ಕಛೇರಿಗೆ ಹೋದ. ಆ ಬರಿಮೈ ಒರಟುತನ ಅವನನ್ನು ಅಲುಗಾಡಿಸಿತು. ಮಾಡಿದ ಆಲ್ಬಮ್ಮನ್ನು ಬದಿಗಿಟ್ಟ. ಅದು ಹೊರಬಂದದ್ದು ಅವನು ತೀರಿಕೊಂಡು ಹದಿನಾರು ವರ್ಷಗಳ ಮೇಲೆ, 2011ರಲ್ಲಿ. ತಂಡದಲ್ಲಿ ಬೇಸ್‌ನ ಗೆರಿ ಮ್ಯಾಕವಾಯ್ ಮಾತ್ರ ಉಳಿದರು, ಡ್ರಮ್ಮಿಗೆ ಟೆಡ್ ಮೆಕೆನ್ನಾ ಬಂದರು, ಕೀಬೋರ್ಡ್ ಹೋಯಿತು. ಮೂವರೂ ಜರ್ಮನಿಗೆ ಹೋಗಿ ಅದೇ ವರ್ಷ 'ಫೋಟೊ ಫಿನಿಶ್' ಮುದ್ರಿಸಿದರು.