ಗಿಡ ಕೀಳುವ ಶನಿವಾರ

ಕಂಪನಿಗಳ ಪರಿಸರ ಸೇವೆ ಎಂದರೆ ಸಾಮಾನ್ಯವಾಗಿ ಗುಂಡಿ, ಸಸಿ, ಒಂದು ಗ್ರೂಪ್ ಫೋಟೊ. ನಾಗಪುರದ ಹೊರವಲಯದ ಬಯಲಿನಲ್ಲಿ ನಮ್ಮ ತಂಡ ಎರಡು ವರ್ಷದಿಂದ ತಿಂಗಳಿಗೊಂದು ಶನಿವಾರ ಮಾಡುತ್ತಿರುವುದು ಬೇರೆಯೇ ಕೆಲಸ. ಅಲ್ಲಿ ನಾವು ಗಿಡ ಕೀಳುತ್ತೇವೆ, ಹುಲ್ಲು ಬೆಳೆಸುತ್ತೇವೆ.

ವಿದರ್ಭ ಎಂದರೆ ಹೊರಗಿನವರಿಗೆ ತಾಡೋಬಾ, ಪೆಂಚ್, ಹುಲಿ. ಆದರೆ ಹುಲಿಗೆ ಜಿಂಕೆ ಬೇಕು, ಜಿಂಕೆಗೆ ಹುಲ್ಲು ಬೇಕು. ಮೇಳಘಾಟ್‌ನಲ್ಲಿ ಹಳ್ಳಿಗಳು ಸ್ಥಳಾಂತರಗೊಂಡ ಜಾಗಗಳಲ್ಲಿ ಹುಲ್ಲುಗಾವಲು ಮರಳಿ ಬಂದಿದ್ದರ ಹಿಂದೆ ಹುಲ್ಲು ತಜ್ಞ ಗಜಾನನ ಮುರತ್ಕರ್ ಅವರ ದುಡಿಮೆಯಿದೆ.

ನಮ್ಮ ಕೆಲಸದ ಕ್ರಮ ಸರಳ. ಮಳೆಗೆ ನೆಲ ಮೆದುವಾದಾಗ ಲಂಟಾನದ ಬೇರನ್ನು ಬುಡದ ಕೆಳಗೇ ಕತ್ತರಿಸಿ, ಗಿಡವನ್ನು ತಲೆಕೆಳಗಾಗಿ ಇಡುತ್ತೇವೆ. ಮೇಲೆ ಸವರಿದರೆ ಮತ್ತೆ ಚಿಗುರುತ್ತದೆ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ಅವರ ತಂಡ ರೂಪಿಸಿದ ವಿಧಾನವಿದು. ಉಳಿದ ಕಳೆಗಳನ್ನು ಬೀಜ ಕಟ್ಟುವ ಮೊದಲೇ ಕೀಳಬೇಕು. ಮಳೆಗಾಲ ಮುಗಿದ ಮೇಲೆ ಇಲ್ಲಿಯವರು ಮಾರ್ವೇಲ್, ಕುಸಳಿ ಎನ್ನುವ ನಾಡಹುಲ್ಲುಗಳ ಬೀಜ ಆಯ್ದು ಒಣಗಿಸಿಡುತ್ತೇವೆ. ಜೂನ್‌ನ ಮಳೆಗೆ ಬಿತ್ತುತ್ತೇವೆ. ಮಾರ್ವೇಲ್ ದನಗಳಿಗೆ ಬಲು ಇಷ್ಟ. ಕುಸಳಿಯ ಬೀಜವಂತೂ ಸಾಕ್ಸಿಗೆ ಚುಚ್ಚಿಕೊಂಡು ಮನೆವರೆಗೂ ಬರುತ್ತದೆ. ಯಾವುದು ಕಳೆ, ಯಾವುದು ಹುಲ್ಲು ಎಂದು ತೋರಿಸಿಕೊಡುವವರು ಪಕ್ಕದ ಹಳ್ಳಿಯ ದನ ಮೇಯಿಸುವವರು. ನಮ್ಮ ಎಂಟೆಕ್ ಅಲ್ಲಿ ಲೆಕ್ಕಕ್ಕಿಲ್ಲ.

ಕಷ್ಟವಿರುವುದು ಬಿಸಿಲಲ್ಲಿ ಬಗ್ಗಿ ಕೀಳುವುದರಲ್ಲಲ್ಲ, ಆಫೀಸಿಗೆ ಒಪ್ಪಿಸುವುದರಲ್ಲಿ. 2013ರ ಕಂಪನಿ ಕಾಯ್ದೆ ಬಂದ ಮೇಲೆ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕು. ನಮ್ಮ ವರದಿಯಲ್ಲಿ ‘ನೆಟ್ಟ ಸಸಿಗಳ ಸಂಖ್ಯೆ’ಗೆ ಕಾಲಂ ಇದೆ, ಮರಳಿ ಬಂದ ಹುಲ್ಲಿಗೆ ಇಲ್ಲ. ಮರವಿಲ್ಲದ ನೆಲ ಪಾಳು ಎಂಬ ಎಣಿಕೆ ಅಷ್ಟು ಆಳವಾಗಿದೆ. ಸರ್ಕಾರದ ಬಂಜರು ಭೂಮಿ ನಕ್ಷೆಗಳಲ್ಲೂ ಇಂಥ ಬಯಲುಗಳು ಸೇರಿಹೋಗಿವೆ.

ಇದರ ಬೆಲೆ ನಮ್ಮ ನಾಡಿಗೂ ಗೊತ್ತು. ರಾಣೆಬೆನ್ನೂರಿನ ಬಯಲು ಕೃಷ್ಣಮೃಗದ ನೆಲೆ; ಅಲ್ಲಿ ನೆಟ್ಟದ್ದು ನೀಲಗಿರಿ. ಇಲ್ಲಿನ ವರೋರಾದಲ್ಲೂ ನಮ್ಮ ಸಿರುಗುಪ್ಪದಲ್ಲೂ ಕಂಡ ಎರೆಭೂತ ಹಕ್ಕಿ ಇಂದು ಅಳಿವಿನಂಚಿನಲ್ಲಿದೆ. ಅದು ಮೊಟ್ಟೆಯಿಡುವುದು ಬಯಲು ನೆಲದ ಮೇಲೆ. ಅಮೃತ ಮಹಲ್ ದನಗಳನ್ನು ಸಾಕಿದ್ದೂ ಕಾವಲುಗಳ ಹುಲ್ಲೇ.

ನೀವಿರುವ ಊರಲ್ಲಿ ಸಹೋದ್ಯೋಗಿಗಳು ಸಸಿ ಹಿಡಿದು ಬಯಲಿಗೆ ಹೊರಟರೆ ಒಂದು ಕೆಲಸ ಮಾಡಿ: ಅಲ್ಲಿ ಮೊದಲು ಏನು ಬೆಳೆಯುತ್ತಿತ್ತು ಎಂದು ದನ ಕಾಯುವವರನ್ನು ಕೇಳಿ. ಉತ್ತರ ‘ಹುಲ್ಲು’ ಎಂದಾದರೆ, ಸಸಿಗಳನ್ನು ಬೇರೆಡೆಗೆ ಒಯ್ಯಿರಿ.