ಅಕ್ಕಿಯನ್ನು ಸೆಳೆಯುವ ಚೆಂಬು

ಹಳೆಯ ವಸ್ತುಗಳ ಬೆಲೆಯನ್ನು ಅರಿಯುವ ಕುತೂಹಲ ಯಾರಿಗಿಲ್ಲ? ನಮ್ಮ ಊರಿನ ವಾಚನಾಲಯದ ಸಂಘದವರು ತಮ್ಮ ತಿಂಗಳ ಸಭೆಯಲ್ಲಿ ‘ಬೆಲೆಬಾಳುವ ಪುರಾತನ ವಸ್ತುಗಳನ್ನು ಗುರುತಿಸುವ ಬಗೆ’ ಎಂಬ ವಿಷಯವಾಗಿ ಮಾತನಾಡಬೇಕೆಂದು ಕೇಳಿದಾಗ, ಭೌತಶಾಸ್ತ್ರದ ಅಧ್ಯಾಪಕನಾದ ನಾನು ಒಂದು ತಕ್ಕಡಿಯನ್ನೂ ಒಂದು ಪಾತ್ರೆ ನೀರನ್ನೂ ಮುಂದಿಟ್ಟುಕೊಂಡು ಕುಳಿತೆನು. ಸದಸ್ಯರು ಮನೆಗಳಿಂದ ನಾಣ್ಯ, ದೀಪ, ತಾಳೆಯೋಲೆ ಮೊದಲಾದುವನ್ನು ತಂದಿದ್ದರು. ಅವರ ನಡುವೆ ವೃದ್ಧ ರೈತರೊಬ್ಬರು ಬಟ್ಟೆಯಲ್ಲಿ ಸುತ್ತಿದ್ದ ತಾಮ್ರದ ಚೆಂಬೊಂದನ್ನು ಮೇಜಿನ ಮೇಲಿಟ್ಟರು.

“ಮೇಷ್ಟ್ರೇ, ಇದು ಸಿಡಿಲು ಬಡಿದ ಚೆಂಬಂತೆ. ತಾಮ್ರವೆಲ್ಲ ಇರಿಡಿಯಂ ಆಗಿದೆಯಂತೆ. ಅಕ್ಕಿಯನ್ನು ಸೆಳೆಯುವುದನ್ನು ಕಣ್ಣಾರೆ ಕಂಡಿದ್ದೇನೆ. ಕೋಟಿ ಕೊಟ್ಟು ಕೊಳ್ಳುವವರಿದ್ದಾರೆ. ಪರೀಕ್ಷೆಯ ಖರ್ಚಿಗೆ ಮಾತ್ರ ಮೊದಲು ಎರಡು ಲಕ್ಷ ಕೊಡಬೇಕಂತೆ,” ಎಂದರು. ಆ ಹಣಕ್ಕಾಗಿ ಅಡಿಕೆ ತೋಟವನ್ನು ಅಡವಿಡಲು ಅವರು ಸಿದ್ಧರಾಗಿದ್ದರು.

“ಯಜಮಾನರೇ, ಅಂದು ಬಳಸಿದ ಅಕ್ಕಿ ಯಾರದು?”

“ಅವರೇ ತಂದಿದ್ದರು.”

ಪಕ್ಕದ ಮನೆಯಿಂದ ಒಂದು ಹಿಡಿ ಅಕ್ಕಿಯನ್ನು ತರಿಸಿ ಚೆಂಬಿನ ಸುತ್ತ ಹರಡಿದೆವು. ಒಂದು ಕಾಳೂ ಕದಲಲಿಲ್ಲ. ಅಕ್ಕಿಯಾಗಲಿ ತಾಮ್ರವಾಗಲಿ ಕಬ್ಬಿಣದಂತೆ ಅಯಸ್ಕಾಂತಕ್ಕೆ ಒಲಿಯುವ ವಸ್ತುಗಳಲ್ಲ. ಆದರೆ ಅಕ್ಕಿಗೆ ಕಬ್ಬಿಣದ ನುಣ್ಣನೆಯ ಪುಡಿಯನ್ನು ಅಂಟಿಸಿ, ಚೆಂಬಿನೊಳಗೆ ಅಯಸ್ಕಾಂತವನ್ನು ಅಡಗಿಸಿಟ್ಟರೆ ಕಾಳುಗಳು ಓಡಿಬರುವುದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಸಿಡಿಲಿನ ಮಾತು. ತಾಮ್ರದ ಪರಮಾಣು ಕೇಂದ್ರದಲ್ಲಿ 29 ಪ್ರೋಟಾನುಗಳಿವೆ, ಇರಿಡಿಯಂನಲ್ಲಿ 77. ಸಿಡಿಲಿನ ಜಾಡಿನಲ್ಲಿ ಉಷ್ಣತೆಯು ಸುಮಾರು 30,000 ಡಿಗ್ರಿ ಸೆಲ್ಸಿಯಸ್‌ಗೆ ಏರಬಹುದು. ಅದು ತಾಮ್ರವನ್ನು ಕರಗಿಸೀತು. ಪ್ರತಿಯೊಂದು ಪರಮಾಣು ಕೇಂದ್ರಕ್ಕೂ 48 ಪ್ರೋಟಾನುಗಳನ್ನು ಸೇರಿಸಲಾರದು.

ಆದರೂ ರೈತರಿಗೆ ಸಮಾಧಾನವಾಗಲಿಲ್ಲ. ಲೋಹವನ್ನೇ ಕೇಳೋಣವೆಂದು ಚೆಂಬನ್ನು ದಾರದಿಂದ ತಕ್ಕಡಿಗೆ ತೂಗುಹಾಕಿದೆನು. ಗಾಳಿಯಲ್ಲಿ ಅದರ ತೂಕ 620 ಗ್ರಾಂ. ಗುಳ್ಳೆಗಳು ಉಳಿಯದಂತೆ ನೀರಿನಲ್ಲಿ ಪೂರ್ತಿಯಾಗಿ ಮುಳುಗಿಸಿದಾಗ 550 ಗ್ರಾಂ. ಕಡಿಮೆಯಾದ 70 ಗ್ರಾಂ ಎಂಬುದು ಚೆಂಬು ಸ್ಥಳಾಂತರಿಸಿದ ನೀರಿನ ತೂಕ. ಇದೇ ಆರ್ಕಿಮಿಡೀಸನ ತತ್ವ. 620ನ್ನು 70ರಿಂದ ಭಾಗಿಸಿದರೆ ಸಾಪೇಕ್ಷ ಸಾಂದ್ರತೆ ಸುಮಾರು 8.9 ಎಂದಾಗುತ್ತದೆ. ತಾಮ್ರದ ಸಾಂದ್ರತೆ 8.96, ಇರಿಡಿಯಂನದು ಸುಮಾರು 22.6. ಚೆಂಬು ಇರಿಡಿಯಂನದಾಗಿದ್ದರೆ ನೀರಿನಲ್ಲಿ ಕಡಿಮೆಯಾಗುವ ತೂಕ 28 ಗ್ರಾಂ ಕೂಡ ಇರುತ್ತಿರಲಿಲ್ಲ.

ಇರಿಡಿಯಂ ಕಟ್ಟುಕತೆಯ ಲೋಹವೇನಲ್ಲ. 1803ರಲ್ಲಿ ಸ್ಮಿತ್ಸನ್ ಟೆನೆಂಟ್ ಎಂಬ ವಿಜ್ಞಾನಿ ಇದನ್ನು ಕಂಡುಹಿಡಿದನು. 2019ರವರೆಗೆ ಜಗತ್ತಿಗೆಲ್ಲ ಕಿಲೋಗ್ರಾಂ ಎಷ್ಟೆಂಬುದನ್ನು ನಿರ್ಣಯಿಸುತ್ತಿದ್ದ ಮೂಲ ತೂಕದ ಬಟ್ಟು ಪ್ಲಾಟಿನಂ ಮತ್ತು ಇರಿಡಿಯಂಗಳ ಮಿಶ್ರಲೋಹದ್ದು. ಇದು ಅಮೂಲ್ಯ ಲೋಹವೆಂಬ ಸತ್ಯದ ಮೇಲೆಯೇ ವಂಚಕರು ಸುಳ್ಳಿನ ಮಾಳಿಗೆಯನ್ನು ಕಟ್ಟಿರುವರು.

ಹಾಗಾದರೆ ಆ ಚೆಂಬಿಗೆ ಬೆಲೆಯೇ ಇಲ್ಲವೆ? ನೀರಿನ ಪರೀಕ್ಷೆ ಲೋಹವನ್ನು ತಿಳಿಸುವುದೇ ಹೊರತು ವಯಸ್ಸನ್ನಲ್ಲ. ವಸ್ತುವಿನ ಪ್ರಾಚೀನತೆಯನ್ನು ಅದರ ರಚನೆ, ಬರಹ, ದೊರೆತ ಸ್ಥಳ ಇವುಗಳಿಂದ ತಜ್ಞರು ಊಹಿಸುತ್ತಾರೆ. ಆದುದರಿಂದ ಹಳೆಯ ಪಾತ್ರೆಯನ್ನೋ ನಾಣ್ಯವನ್ನೋ ಕಂಡೊಡನೆ ಹುಣಸೆಹಣ್ಣು ಹಾಕಿ ತಿಕ್ಕಬಾರದು. ಹುಳಿಯು ಕಿಲುಬನ್ನು ಕರಗಿಸುತ್ತದೆ, ತಿಕ್ಕಿದಂತೆಲ್ಲ ಅಕ್ಷರಗಳೂ ಸವೆಯುತ್ತವೆ. ನಮ್ಮ ದೇಶದ 1972ರ ಕಾಯಿದೆಯಂತೆ, ಐತಿಹಾಸಿಕ ಮಹತ್ವವುಳ್ಳ, 100 ವರ್ಷಕ್ಕೆ ಕಡಿಮೆಯಿಲ್ಲದ ವಸ್ತುಗಳು ಪುರಾತನ ವಸ್ತುಗಳೆನಿಸುತ್ತವೆ. ಖಾಸಗಿಯವರು ಅವನ್ನು ವಿದೇಶಕ್ಕೆ ಸಾಗಿಸುವಂತಿಲ್ಲ.

ಇಷ್ಟು ಹೇಳಿ ಚೆಂಬನ್ನು ದೀಪದ ಬಳಿ ಹಿಡಿದಾಗ, ಕಂಠದ ಸುತ್ತ ಚುಕ್ಕಿಚುಕ್ಕಿಯಾಗಿ ಕೊರೆದ ಹೆಸರೊಂದು ಕಾಣಿಸಿತು. ರೈತರು ಕನ್ನಡಕವನ್ನು ಸರಿಪಡಿಸಿಕೊಂಡು ನಿಧಾನವಾಗಿ ಓದಿದರು.

“ಇದು ನಮ್ಮ ಅಜ್ಜಿಯ ಹೆಸರು. ಮದುವೆಯಲ್ಲಿ ತವರಿನಿಂದ ತಂದದ್ದಿರಬೇಕು.”

ಚೆಂಬಿನ ನೀರನ್ನು ಒರಸಿ ಅದನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದರು. “ನಾಳೆ ಬೆಳಗ್ಗೆ ತೋಟದ ಪತ್ರಕ್ಕೆ ಸಹಿ ಹಾಕಬೇಕಿತ್ತು ಮೇಷ್ಟ್ರೇ. ಇನ್ನು ಹೋಗುವುದಿಲ್ಲ,” ಎಂದು ಹೇಳಿ ಎದ್ದರು.