ನೋವಿನ ಮಾತ್ರೆಗೆ ಚೀಟಿ ಎಲ್ಲಿ ಮೇಡಂ?

ಮನೆಯಲ್ಲಿ ಯಾರಾದರೂ ಮಂಡಿನೋವು, ಸೊಂಟನೋವು ಎಂದು ನರಳಿದರೆ ನಾವು ಮೊದಲು ಮಾಡುವ ಕೆಲಸ ಏನು ಹೇಳಿ? ಖಾಲಿ ಸ್ಟ್ರಿಪ್ ಕೈಗಿಟ್ಟು ಮಗನನ್ನು ಮೂಲೆಯ ಮೆಡಿಕಲ್ ಶಾಪ್‌ಗೆ ಓಡಿಸುವುದು, ಅಲ್ವೇ? ಮೂರು ವರ್ಷದ ಹಿಂದೆ ನಾನೂ ಹಾಗೇ ಮಾಡಿದ್ದೆ. ನಮ್ಮತ್ತೆಯವರ ಸ್ತನ ಕ್ಯಾನ್ಸರ್ ಮೂಳೆಗೆ ಹರಡಿತ್ತು, ರಾತ್ರಿಯೆಲ್ಲ ನಿದ್ದೆಯಿಲ್ಲ. ಟ್ರಮಡಾಲ್ ಮಾತ್ರೆ ಮುಗಿದಿತ್ತು. ‘ಚೀಟಿ ಇಲ್ದೆ ಇದನ್ನ ಕೊಡೋಕಾಗಲ್ಲ ಮೇಡಂ, ಲೈಸೆನ್ಸ್ ಹೋಗುತ್ತೆ’ ಎಂದುಬಿಟ್ಟರು ಅಂಗಡಿಯವರು. ಹತ್ತು ವರ್ಷದ ಪರಿಚಯ ಇಷ್ಟೇನಾ ಎಂದು ನನಗೆ ಎಲ್ಲಿಲ್ಲದ ಕೋಪ.

ಆದರೆ ತಪ್ಪು ಅವರದಲ್ಲ. 2014ರಿಂದ ಟ್ರಮಡಾಲ್ ‘ಎಚ್1’ ಪಟ್ಟಿಯಲ್ಲಿದೆ. ಕೆಂಪು ಗೆರೆಯ ಚೌಕದಲ್ಲಿ ಎಚ್ಚರಿಕೆ ಬರೆದಿರುವ ಈ ಔಷಧಿಗಳನ್ನು ಮಾರಿದಾಗ ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಎಲ್ಲವನ್ನೂ ಅಂಗಡಿಯವರು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ನಶೆಗಾಗಿ ನುಂಗುವವರು ಹೆಚ್ಚಾದರೆಂದು 2018ರಲ್ಲಿ ಟ್ರಮಡಾಲನ್ನು ಮಾದಕವಸ್ತು ಕಾಯ್ದೆಯ ಅಡಿಗೂ ತಂದರು. ಆಮೇಲೆ ಎಷ್ಟೋ ಸಣ್ಣ ಅಂಗಡಿಯವರು ‘ಈ ತಲೆನೋವೇ ಬೇಡ’ ಎಂದು ಅದನ್ನು ಇಡುವುದನ್ನೇ ಬಿಟ್ಟರು. ತೊಂದರೆಯಾಗಿದ್ದು ಯಾರಿಗೆ? ಕಿಡ್ನಿ ಸರಿಯಿಲ್ಲದ ಹಿರಿಯರಿಗೆ. ಡೈಕ್ಲೋಫೆನಾಕ್‌ನಂಥ ಮಾತ್ರೆ ಕಿಡ್ನಿಗೆ ಆಗದೆಂದೇ ವೈದ್ಯರು ಅವರಿಗೆ ಟ್ರಮಡಾಲ್ ಬರೆದಿರುತ್ತಾರೆ. ಅದು ಸಿಗಲಿಲ್ಲವೆಂದು ನೀವಾಗಿಯೇ ಬೇರೆ ನೋವಿನ ಮಾತ್ರೆ ಕೊಟ್ಟುಬಿಡಬೇಡಿ.

ಸರಿ, ಚೀಟಿ ಬರೆಸೋಣವೆಂದು ಹೋದರೆ ನಮ್ಮ ಡಾಕ್ಟರೂ ಹಿಂದೆಮುಂದೆ ನೋಡಿದರು. ಈ ಅಳುಕಿಗೂ ಒಂದು ಇತಿಹಾಸವಿದೆ. 1985ರ ಮಾದಕವಸ್ತು ಕಾಯ್ದೆ ಬಂದಾಗ ಶಿಕ್ಷೆ ಎಷ್ಟು ಕಠಿಣವಾಗಿತ್ತೆಂದರೆ, ಆಸ್ಪತ್ರೆಗಳು ಮಾರ್ಫಿನ್ ಇಡಲಿಕ್ಕೇ ಹೆದರಿದವು. ಬೇರೆ ಬೇರೆ ಇಲಾಖೆಗಳಿಂದ ನಾಲ್ಕೈದು ಲೈಸೆನ್ಸ್ ಬೇಕಿತ್ತು. ಎಲ್ಲದರ ಅವಧಿಯೂ ಒಟ್ಟಿಗೇ ಚಾಲ್ತಿಯಲ್ಲಿರಬೇಕು, ಒಂದು ಮುಗಿದರೂ ದಾಸ್ತಾನಿಲ್ಲ. ಹೀಗೆ ಒಂದು ತಲೆಮಾರಿನ ವೈದ್ಯರು ಮಾರ್ಫಿನ್ ಬರೆಯುವ ಅಭ್ಯಾಸವಿಲ್ಲದೆಯೇ ಓದಿ ಹೊರಬಂದರು. ಮಾರ್ಫಿನ್ ಬರುವುದು ಅಫೀಮಿನಿಂದ. ಆ ಗಿಡವನ್ನು ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದ ರೈತರು ಸರ್ಕಾರದ ಲೈಸೆನ್ಸ್ ಪಡೆದೇ ಬೆಳೆಯುತ್ತಾರೆ. (ನಾವು ಪಾಯಸಕ್ಕೆ ರುಬ್ಬುವ ಗಸಗಸೆಯೂ ಅದೇ ಗಿಡದ್ದು!) ನಮ್ಮ ನೆಲದಲ್ಲೇ ಬೆಳೆದದ್ದು ನಮ್ಮ ರೋಗಿಗಳ ಬಾಯಿಗೆ ಬರಲಿಲ್ಲ.

ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಅವರಂಥವರು ವರ್ಷಗಟ್ಟಲೆ ಹೋರಾಡಿದ ಮೇಲೆ 2014ರಲ್ಲಿ ಕಾಯ್ದೆ ತಿದ್ದುಪಡಿಯಾಯಿತು. ಮಾರ್ಫಿನ್, ಫೆಂಟನಿಲ್ ಸೇರಿ ಆರು ಔಷಧಿಗಳಿಗೆ ದೇಶಕ್ಕೆಲ್ಲ ಒಂದೇ ನಿಯಮ ಬಂತು. ಈಗ ಆಸ್ಪತ್ರೆ ರಾಜ್ಯದ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದರೆ ಸಾಕು. ಆದರೂ ಕೆಲವು ವೈದ್ಯರಿಗೆ ಹಳೆಯ ಹೆದರಿಕೆ ಹೋಗಿಲ್ಲ ನೋಡಿ.

ನಮ್ಮನ್ನು ಕೊನೆಗೆ ದಾರಿಗೆ ಹಚ್ಚಿದ್ದು ಪಕ್ಕದ ಮನೆಯವರು. ‘ಉಪಶಾಮಕ ಚಿಕಿತ್ಸೆ ಅಂತ ಬೇರೆ ವಿಭಾಗನೇ ಇರುತ್ತೆ, ಅಲ್ಲಿ ಕೇಳಿ’ ಎಂದರು. ಬೆಂಗಳೂರಿನಲ್ಲಾದರೆ ಕಿದ್ವಾಯಿ ಆಸ್ಪತ್ರೆಯಿದೆ. ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು 1999ರಿಂದ ಹಣ ಪಡೆಯದೆ ನೋಡಿಕೊಳ್ಳುತ್ತಿರುವ ಕರುಣಾಶ್ರಯವಿದೆ. ನಾವು ಹೋದ ಕಡೆ ಅತ್ತೆಗೆ ಮಾರ್ಫಿನ್ ಎಂದಕೂಡಲೇ ನಮ್ಮ ಯಜಮಾನರು, ‘ಅಮ್ಮಂಗೆ ಚಟ ಹತ್ತಿಬಿಟ್ಟರೆ?’ ಎಂದರು. ವೈದ್ಯರು ನೋವು ನೋಡಿ, ಅಳತೆ ನೋಡಿ ಕೊಡುವಾಗ ಕ್ಯಾನ್ಸರ್ ರೋಗಿಗೆ ಚಟ ಹತ್ತುವುದು ತೀರಾ ಅಪರೂಪವಂತೆ. ಆದರೆ ಹೇಳಿದ ಗಂಟೆಗೇ ಕೊಡಬೇಕು, ನೋವು ಜೋರಾಗಲಿ ಎಂದು ಕಾಯಬಾರದು. ನಾವಾಗಿ ಹೆಚ್ಚಿಸುವುದಾಗಲೀ ಥಟ್ಟನೆ ನಿಲ್ಲಿಸುವುದಾಗಲೀ ಕೂಡದು. ಮಲಬದ್ಧತೆ ಆಗಿಯೇ ಆಗುತ್ತದೆ, ಅದಕ್ಕೂ ಅಂದೇ ಔಷಧಿ ಬರೆಸಿಕೊಳ್ಳಿ. ನಾಲ್ಕನೇ ದಿನ ನಮ್ಮತ್ತೆ ತಾವಾಗಿ ಎದ್ದು ಕೂತು, ‘ಕಾಫಿಗೆ ಡಿಕಾಕ್ಷನ್ ಇಳೀತೇನೇ?’ ಎಂದು ಕೇಳಿದರು.

ಚೀಟಿಯ ವಿಷಯಕ್ಕೆ ಬಂದರೆ, ಅದರಲ್ಲಿ ರೋಗಿಯ ಹೆಸರು, ವಿಳಾಸ, ತಾರೀಖು, ಎಷ್ಟು ಮಾತ್ರೆ, ವೈದ್ಯರ ಸಹಿ ಎಲ್ಲ ಇದೆಯೇ ಎಂದು ಅಲ್ಲೇ ನೋಡಿಕೊಳ್ಳಿ. ವೈದ್ಯರು ಹಾಗೆಂದು ಬರೆಯದಿದ್ದರೆ ಒಂದೇ ಚೀಟಿಗೆ ಎರಡನೇ ಸಲ ಕೊಡುವಂತಿಲ್ಲ. ಹಾಗಾಗಿ ಮಾತ್ರೆ ಮುಗಿಯುವ ನಾಲ್ಕು ದಿನ ಮೊದಲೇ, ಅದರಲ್ಲೂ ಹಬ್ಬದ ರಜೆಗಳಿದ್ದರೆ ಇನ್ನೂ ಮುಂಚೆಯೇ, ಹೋಗಿಬನ್ನಿ. ಮಾತ್ರೆಗಳನ್ನು ಸಾಸಿವೆ ಡಬ್ಬದ ಪಕ್ಕ ಇಡದೆ ಬೀರುವಿನಲ್ಲಿ ಬೀಗ ಹಾಕಿಡಿ. ‘ನನಗೂ ಸೊಂಟ ಹಿಡ್ಕೊಂಡಿದೆ, ಒಂದು ಕೊಡ್ರೀ’ ಎಂದು ಎದುರುಮನೆಯವರು ಕೇಳಿದರೂ ಕೊಡಬೇಡಿ. ಅತ್ತೆ ತೀರಿಕೊಂಡ ಮೇಲೆ ಹನ್ನೊಂದು ಮಾತ್ರೆ ಉಳಿದಿದ್ದವು. ವೈಕುಂಠ ಸಮಾರಾಧನೆ ಮುಗಿದ ಮಾರನೇ ದಿನ ಎಣಿಸಿ, ತಂದಲ್ಲಿಗೇ ವಾಪಸ್ ಕೊಟ್ಟು ಬಂದೆವು.